ಒಂದನೇ ನಂಬರಿನ ಹಾಡು

“ಈ ಒಂದನೇ ನಂಬರು ನನ್ನ ಕೈಗೇ ಯಾಕೆ ಬರಬೇಕಿತ್ತು?”

ಅವಳು ಕೇಳಿದ್ದು ಗೋಡೆಯನ್ನು. ಕೇಳಿಸಿದ್ದು, ಪರದೆಯ ಹಿಂದೆ ಸ್ಪರ್ಧೆಯ ಹಾಡುಗಳನ್ನು ಜೋಡಿಸುತ್ತಿದ್ದ ಅವನಿಗೆ. ಅಲ್ಲಿನ ಜಿಮ್ನಾಸ್ಟ್ ಹುಡುಗಿಯರಿಗೆಲ್ಲ ಅವನು ‘ಹಾಡಣ್ಣ’. ಇವಳೊಬ್ಬಳು ಮಾತ್ರ ಆರು ವರ್ಷದಿಂದ ‘ರೀ ಹಾಡು’ ಎನ್ನುತ್ತಾಳೆ. ಅವಳು ಬಿಟ್ಟುಬಿಟ್ಟ ಆ ‘ಅಣ್ಣ’ನನ್ನು ನೆನೆದು ಅವನು ಎಷ್ಟೋ ಸಂಜೆ ಒಬ್ಬನೇ ನಕ್ಕಿದ್ದುಂಟು.

ಇವತ್ತು ನಗು ಬರಲಿಲ್ಲ. ತಂಡದಲ್ಲಿ ಉಳಿದಿದ್ದು ಒಂದೇ ಜಾಗ. ಸಿಕ್ಕರೆ ಅವಳು ಇಲ್ಲೇ. ಸಿಗದಿದ್ದರೆ ನಾಳೆ ಬೆಳಗಿನ ರೈಲು, ಅಕ್ಕನ ಊರು, ಭಾವನ ಹೊಲಿಗೆ ಅಂಗಡಿ.

ಅವಳು ಪರದೆ ಸರಿಸಿದಳು. “ಅಖಾಡಕ್ಕಿಳಿಯೋದು ನಾನು. ಬೆವರೋದು ನೀವಾ?”

“ಮೊದಲು ಹೋದವರಿಗೆ ಅಂಕ ಕೊಡೋಕೆ ಜಡ್ಜುಗಳು ಕೈ ಬಿಗಿ ಹಿಡೀತಾರೆ. ಮುಂದೆ ಇನ್ನೂ ಚೆನ್ನಾಗಿ ಮಾಡೋರು ಬಂದ್ರೆ ಅಂತ. ಅದೇ ಜಿಗಿತಕ್ಕೆ ಕೊನೆಯವಳಿಗೆ ಧಾರಾಳವಾಗಿ ಕೊಡ್ತಾರೆ. ಈ ಮೂಲೇಲಿ ಕೂತು ನೋಡಿದೀನಲ್ಲ.”

“ಗೊತ್ತು ರೀ. ಅದಕ್ಕೇ ಕಾಲು ನನ್ನ ಮಾತು ಕೇಳ್ತಿಲ್ಲ.” ಜಾರದಿರಲೆಂದು ಹಚ್ಚಿಕೊಂಡ ಚಾಕ್ ಪುಡಿ ಅವಳ ಬೆರಳುಗಳಿಂದ ಮೇಜಿನ ಮೇಲೆ ಉದುರುತ್ತಿತ್ತು.

ಅವನು ದನಿ ತಗ್ಗಿಸಿದ. “ಹಾಡು ಓಪನ್ ಆಗ್ತಿಲ್ಲ ಅಂತೀನಿ. ಹಾಡು ಕೈಕೊಟ್ರೆ ನಿಮ್ಮನ್ನ ಕೊನೆಗೆ ಹಾಕ್ತಾರೆ. ರೂಲ್ಸೇ ಇದೆ.”

“ಸಿಕ್ಕಿಬಿದ್ರೆ?”

“ನನ್ನ ಕೆಲಸ ಹೋಗುತ್ತೆ. ಹೋಗ್ಲಿ. ನೀವು ಹೋಗೋದಕ್ಕಿಂತ…”

ಜಿಗಿಯುವ ಮುನ್ನ ನೆಲವನ್ನು ಅಳೆಯುತ್ತಾಳಲ್ಲ, ಹಾಗೆ ಅವಳ ಕಣ್ಣು ಅವನ ಮುಖವನ್ನು ಅಳೆಯಿತು.

“ಇದನ್ನ ಹೇಳೋಕೆ ಇವತ್ತೇ ಆಗಬೇಕಿತ್ತಾ, ರೀ ಹಾಡು?”

“ಭಯ ಹೇಳಿಸ್ತು.”

ಹೊರಗೆ ಗಂಟೆ ಹೊಡೆಯಿತು. ಪರದೆಯ ಸಂದಿನಲ್ಲಿ ಎರಡನೇ ನಂಬರಿನ ಹುಡುಗಿ ಕಂಡಳು. ನಂಬರ್ ಚೀಟಿಗೆ ಪಿನ್ನು ಚುಚ್ಚಲಾರದೆ ಮತ್ತೆ ಮತ್ತೆ ಬೀಳಿಸುತ್ತಿದ್ದಳು. ಇವಳು ಹೋಗಿ ಪಿನ್ನು ಸಿಕ್ಕಿಸಿ, ಕೆನ್ನೆ ತಟ್ಟಿ, ಮರಳಿ ಬಂದಳು.

“ನಾನು ಹಿಂದೆ ಸರಿದ್ರೆ ಮೊದಲು ಹೋಗಬೇಕಾದವಳು ಅವಳು.”

“ಅವಳು ಚಿಕ್ಕವಳು, ಇನ್ನೂ ವರ್ಷಗಳಿವೆ. ನಿಮಗೆ ಇದೇ ಕೊನೇದು. ದೇವರಾಣೆ, ಇನ್ನೇನೂ ಕೇಳಲ್ಲ. ಇದೊಂದಕ್ಕೆ ಹೂಂ ಅನ್ನಿ.”

ಅವಳು ಅವನ ಬೆರಳನ್ನು ಹಿಡಿದು ಹಾಡು ಶುರುಮಾಡುವ ಗುಂಡಿಯ ಮೇಲಿಟ್ಟಳು. ಬಿಡಲಿಲ್ಲ. ಎರಡು ಕೈಯೂ ಮಂಜಿನಷ್ಟು ತಣ್ಣಗೆ. ಅವನ ಬೆರಳಿಗೆ ಅವಳ ಬಿಳಿ ಪುಡಿ ಅಂಟಿತು.

“ಊಹೂಂ,” ಎಂದಳು. “ಅನ್ನಲ್ಲ. ಹಾಡು ಹಾಕಿ.”