ಬೋರ್ಡೋ ತಾಕಿನಲ್ಲಿ ಹನ್ನೊಂದು ಗುಂಡಿ

ದಿನಾಂಕ 15-09-2025, ಸೋಮವಾರ, ಬೆಳಗ್ಗೆ 9.40. ಹುಣಸೂರು ಗ್ರಾಮಾಂತರ ಠಾಣೆಗೆ ಬಂದ ದ್ರಾಕ್ಷಿ ತೋಟದ ಮಾಲೀಕ ವಸಂತ್ ಕುರ್ಚಿ ತೋರಿಸಿದರೂ ಕೂರಲಿಲ್ಲ.

"ನನ್ನ ಬೋರ್ಡೋ ತಾಕು ಹಾಳು ಮಾಡಿದ್ದಾರೆ ಸರ್. ಫ್ರಾನ್ಸಿನಲ್ಲಿ ವೈನ್‌ಗೆ ಹೆಸರಾದ ಸೀಮೆ ಅದು. ಅಲ್ಲಿಯ ತಳಿ. ನಲವತ್ತು ಬಳ್ಳಿ ಬುಡಸಮೇತ ಕಿತ್ತಿದ್ದಾರೆ."

"ಯಾರ ಮೇಲಾದರೂ ಅನುಮಾನ?" ಇನ್ಸ್‌ಪೆಕ್ಟರ್ ಶಿವಶಂಕರ್ ಕೇಳಿದರು.

"ಇಲ್ಲ."

ಎಫ್‌ಐಆರ್ ದಾಖಲಾಗಿ, 11.15ಕ್ಕೆ ಜೀಪು ಕಟ್ಟೆಮಳಲವಾಡಿಯ ತೋಟ ತಲುಪಿತು. ಹದಿನಾರು ಎಕರೆಯಲ್ಲಿ ವಸಂತ್ ಜಗತ್ತನ್ನೇ ಹರಡಿಕೊಂಡು ಕೂತಿದ್ದ. ಒಂದು ತಾಕು ಇಟಲಿಯ ಟಸ್ಕನಿ, ಇನ್ನೊಂದು ಸ್ಪೇನಿನ ರಿಯೋಹಾ, ಕಾಲುವೆಯಾಚೆ ಅರ್ಜೆಂಟೀನಾದ ಮೆಂಡೋಜಾ. ಪ್ರತಿ ತಾಕಿಗೂ ಬೋರ್ಡು, ಬಾವುಟ. ಬಂದವರು ಚಪ್ಪಲಿ ಸವೆಸದೆ ಅರ್ಧ ಗಂಟೆಯಲ್ಲಿ ಭೂಮಂಡಲ ಸುತ್ತಬಹುದಿತ್ತು.

ಬೋರ್ಡೋ ತಾಕಿನಲ್ಲಿ ಹನ್ನೊಂದು ಗುಂಡಿಗಳಿದ್ದವು. ಪಂಚನಾಮೆಗೆ ಅಳತೆ ಹಿಡಿಯುತ್ತಿದ್ದ ಹೆಡ್ ಕಾನ್‌ಸ್ಟೇಬಲ್ ಪುಟ್ಟಮಾದಮ್ಮ ಟೇಪು ಕೆಳಗಿಟ್ಟಳು.

"ಸಾ, ಬಳ್ಳಿ ಕೀಳೋನು ಸಾಲು ಹಿಡ್ಕಂಡು ಅಗೀತಾನೆ. ಇವು ಸಾಲಿಗೆ ಅಡ್ಡ ಅವೆ. ಆಳುದ್ದ, ತೆಂಕ-ಬಡಗ. ನಮ್ಕಡೆ ಹೆಣ ಹೂಳೋದು ಹಿಂಗೇ ಅಲ್ವಾ?"

ಶಿವಶಂಕರ್ ವಸಂತ್‌ನತ್ತ ತಿರುಗಿದರು. "ಜಮೀನು ಮೊದಲು ಯಾರದು?"

"ಮಂಚಯ್ಯ ಅನ್ನೋರದು. ಅವರು ತೀರಿಕೊಂಡ ಮೇಲೆ ಅವರಣ್ಣ ಮಾರಿದರು. ಮಂಚಯ್ಯನವರ ಹೆಂಡತಿ ಕೆಂಪಾಜಮ್ಮ ಹೋದ ವರ್ಷದಿಂದ ಇಲ್ಲೇ ಕೂಲಿಗೆ ಬರ್ತಾರೆ."

"ಮಂಚಯ್ಯನನ್ನು ಹೂತಿದ್ದು ಎಲ್ಲಿ?"

"ಇಲ್ಲೇ ಎಲ್ಲೋ ಅಂದಿದ್ರು. ಗುರುತೇನೂ ಇರಲಿಲ್ಲ ಸರ್."

ಮಧ್ಯಾಹ್ನ 1.10. ಕೆಂಪಾಜಮ್ಮ ಮನೆ ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಅಂಗೈ ತುಂಬ ಬೊಬ್ಬೆ.

"ಅಗೆದದ್ದು ನೀವಾ?"

"ಊ ಕಣ್ಸಾ. ನಿನ್ನೆ ರಜ. ಬೆಳಗಿಂದ ಬೈಗಿನ್‌ಗಂಟ ಯಾರೂ ಇರ್ನಿಲ್ಲ."

"ಯಾಕೆ?"

"ಬರೋ ಬಾನ್ವಾರ ಮಾರ್ನಮಿ ಅಮಾಸೆ. ತ್ವಾಟ ಆದಾಗ್ಲಿಂದ ಮೂರ್ ವರ್ಸ ಎಡೆ ಇಕ್ಕಿಲ್ಲ. ನಮ್ಮೋರು ಅಸ್ಕಂಡವ್ರೆ. ಒಂದ್ ಮೂಳೆ ಸಿಕ್ಕಿದ್ರೆ ನಮ್ಮಣ್ಣನ ಒಲದಲ್ಲಿ ಮಡಗಿ ಎಡೆ ಇಕ್ತಿದ್ದೆ."

"ಹನ್ನೊಂದು ಗುಂಡಿ?"

"ಬಾಂದ್ ಕಲ್ಲಿಂದ ಬಡಗಲಿಗೆ ಅನ್ನೆಲ್ಡ್ ಎಜ್ಜೆ. ನಾನೇ ಎಣಿಸಿ ಮಡಿಕಂಡಿದ್ದೆ. ಅಗುದ್ರೆ ಬರೀ ಜಲ್ಲಿ. ಪಕ್ಕದಲ್ಲಿ ಅಗುದೆ, ಅಲ್ಲೂ ಜಲ್ಲಿ."

ಶಿವಶಂಕರ್ ವಸಂತ್‌ಗೆ ಫೋನು ಮಾಡಿದರು. ಗಡಿಯ ಆ ಬಾಂದು ಕಲ್ಲು ಮೊದಲು ಪಡುವಣ ಮೂಲೆಯಲ್ಲಿತ್ತಂತೆ. ಬೋರ್ಡಿಗೆ ಆಸರೆಯಾಗಲೆಂದು ಕಿತ್ತು ದಾರಿ ಬದಿಗೆ ನೆಟ್ಟಿದ್ದರು. ಹಾಗಾದರೆ ಆಕೆ ಎಣಿಸಿದ್ದು ತಪ್ಪು ಕಲ್ಲಿನಿಂದಲ್ಲ, ತಪ್ಪು ಜಾಗದಿಂದ. ಹಳೆಯ ಮೂಲೆಯಿಂದ ಹನ್ನೆರಡು ಹೆಜ್ಜೆ ಅಳೆದರೆ ಸಿಗಬಹುದು ಎಂದು ಇನ್ಸ್‌ಪೆಕ್ಟರಿಗೆ ಆಸೆ ಹುಟ್ಟಿತು. ಪೊಲೀಸಿನವರಿಗೂ ಇಂಥ ಆಸೆಗಳು ಆಗಾಗ ಹುಟ್ಟುತ್ತವೆ. ಅದು ಸಂಜೆ 4.30ರವರೆಗೆ ಬದುಕಿತ್ತು, ತೋಟಕ್ಕೆ ನೆಲ ಅಗೆದಿದ್ದ ಜೆಸಿಬಿ ಚಾಲಕ ಚಲುವರಾಜು ಠಾಣೆಗೆ ಬರುವವರೆಗೆ.

"ಜಲ್ಲಿ ಯಾಕೆ ಹಾಕಿದ್ದು?"

"ಬೋರ್ಡೋದಲ್ಲಿ ಜಲ್ಲಿ ನೆಲವಂತೆ ಸಾ. ಇಡೀ ತಾಕು ಆರಡಿ ಮಣ್ ತಗ್ದು ಜಲ್ಲಿ ತುಂಬುದ್ವಿ."

"ಮಣ್ಣು?"

"ಇಟ್ಗೆ ಗೂಡಿಗೆ ಓಯ್ತು."

"ಮೂಳೆ ಕಂಡಿತಾ?"

ಚಲುವರಾಜು ತಲೆ ತಗ್ಗಿಸಿದ. "ಕಂಡ್ವು ಸಾ. ದನದ್ವು ಅಂದ್ಕಂಡೆ."

ದಿನಾಂಕ 16-09-2025, ಬೆಳಗ್ಗೆ 10.30ಕ್ಕೆ ಕೆಂಪಾಜಮ್ಮನ ಬಂಧನವಾಯಿತು. ದೂರು ಹಿಂದಕ್ಕೆ ಪಡೆಯಿರಿ ಎಂದು ಇನ್ಸ್‌ಪೆಕ್ಟರ್ ಹೇಳಿ ನೋಡಿದರು. "ವಿಮೆಗೆ ಆರೋಪಿ ಹೆಸರು ಬೇಕು ಸರ್," ಎಂದ ವಸಂತ್. ಮಣ್ಣಿನ ವಿಷಯ ಆಕೆಗೆ ತಿಳಿಸುವ ಕೆಲಸ ಪುಟ್ಟಮಾದಮ್ಮನಿಗೆ ಬಿತ್ತು. ಕೆಂಪಾಜಮ್ಮ ಅಳಲಿಲ್ಲ.

"ಆ ಇಟ್ಗೇಲಿ ಯಾರ್ ಮನೆ ಕಟ್ಟವ್ರವ್ವ?"

ಗೂಡಿನವನಿಗೂ ಗೊತ್ತಿರಲಿಲ್ಲ. ಲೋಡು ಪಿರಿಯಾಪಟ್ಟಣಕ್ಕೂ ಹೋಗಿತ್ತು, ಎಚ್.ಡಿ. ಕೋಟೆಗೂ ಹೋಗಿತ್ತು. ಸಂಜೆ ಜಾಮೀನಿನ ಮೇಲೆ ಆಕೆಯನ್ನು ಬಿಟ್ಟರು. ಕಡತದಲ್ಲಿ ಕೃತ್ಯದ ಕಾರಣ ಬರೆಯುವ ಜಾಗದಲ್ಲಿ ಶಿವಶಂಕರ್, 'ಮೃತ ಪತಿಯನ್ನು ಹೂತ ಸ್ಥಳದ ಹುಡುಕಾಟ' ಎಂದು ಬರೆದರು. ಬರೆಯುವಾಗ ಅವರಿಗೆ ತಮ್ಮ ಮೇಲೆಯೇ ಹೇಸಿಗೆಯಾಯಿತು.

ಭಾನುವಾರ, 21-09-2025, ಮಧ್ಯಾಹ್ನ 1.20. ಕೆಂಪಾಜಮ್ಮ ಬಾಳೆಲೆ ಮುಚ್ಚಿದ ತಟ್ಟೆ ಹಿಡಿದು ಠಾಣೆ ಮೆಟ್ಟಿಲು ಹತ್ತಿ ಬಂದಳು.

"ಎಲ್ಲಿ ಇಕ್ಲಿ ಸಾ?"

ಆಕೆಯನ್ನು ಹುಡುಕಲು ಪೊಲೀಸರಿಗೆ ಅರ್ಧ ದಿನ ಸಾಕಾಗಿತ್ತು; ಆಕೆ ಹುಡುಕುತ್ತಿದ್ದದ್ದು ಈಗ ಯಾವ ಯಾವ ಊರಿನ ಗೋಡೆಯಲ್ಲಿತ್ತೋ. ಪುಟ್ಟಮಾದಮ್ಮ ಬೆಂಚಿನ ಮೇಲಿದ್ದ ಕಡತಗಳನ್ನು ಸರಿಸಿ ಜಾಗ ಮಾಡಿದಳು. ಬಿಸಿಲು ಇಳಿಯುವವರೆಗೂ ಆಕೆ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕೂತಿದ್ದಳು.