ಇನ್ನೂ ನಾಲ್ಕು ನಿಮಿಷ

"ಅಪ್ಪಾ, ಫೋಟೊನೇ ಇಲ್ಲ," ಎಂದಳು ತೇಜು.

ನಾಲ್ಕು ನಿಮಿಷ ಕ್ಯಾಮೆರಾದ ಶಟರ್ ತೆರೆದಿಟ್ಟು, ಮುಕಿಲ್ಟಿಯೊ ಊರಿನ ದಡದಿಂದ ಹೊರಟ ಫೆರ್ರಿ ಹಡಗಿನ ದೀಪಗಳನ್ನೆಲ್ಲ ಒಂದೇ ಗೆರೆಯಾಗಿ ಹಿಡಿಯಬೇಕಿತ್ತು. ನಾಳೆ ಕ್ಲಾಸಿನ ಗೋಡೆಗೆ ಎಲ್ಲರೂ ತಾವೇ ತೆಗೆದ ಫೋಟೊ ಕೊಡಬೇಕು. ತೇಜುವಿನ ಹತ್ತಿರ ಒಂದೂ ಇರಲಿಲ್ಲ.

ಅಪ್ಪ ಬೆಂಚಿನಿಂದ ಎದ್ದು ಬಂದರು. "ಶಟರ್ ಮುಚ್ಚಿತಾ?"

"ಟಕ್ ಅಂತು. ಆಮೇಲೆ ಬರೀ 'ಬ್ಯುಸಿ' ಅಂತ ಮಿಣುಕ್ತಾನೇ ಇತ್ತು. ಹ್ಯಾಂಗ್ ಆಯ್ತು ಅಂತ ಬ್ಯಾಟರಿ ತೆಗೆದು ಹಾಕ್ದೆ. ಅಮ್ಮ ಫೋನ್‌ಗೆ ಹಾಗೇ ತಾನೇ ಮಾಡೋದು?"

"ನನಗೂ ಬ್ಯಾಟರಿ ಇದ್ದಿದ್ರೆ ನಿಮ್ಮಮ್ಮ ದಿನಾ ತೆಗೆದು ಹಾಕ್ತಿದ್ಳು," ಅಪ್ಪ ಹಣೆ ಉಜ್ಜಿಕೊಂಡರು. "ಹ್ಯಾಂಗ್ ಅಲ್ಲ ಪುಟ್ಟಿ. ಕ್ಯಾಮೆರಾ ಎಷ್ಟು ಹೊತ್ತು ಬೆಳಕು ನೋಡುತ್ತೋ ಅಷ್ಟೇ ಹೊತ್ತು ಕಣ್ಣು ಮುಚ್ಚಿ ಕತ್ತಲೆ ನೋಡುತ್ತೆ. ಆಗ್ಲೇ ಫೋಟೊದ ಮೇಲಿನ ಚುಕ್ಕೆಗಳು ಹೋಗೋದು. ನಡುವೆ ಬ್ಯಾಟರಿ ತೆಗೆದ್ರೆ ಫೋಟೊನೇ ಹೋಗುತ್ತೆ."

"ಮೊದ್ಲೇ ಹೇಳ್ಬಾರ್ದಿತ್ತಾ?"

"ಮರೆತೆ ಕಣೆ."

ಮುಂದಿನ ಫೆರ್ರಿಗೆ ಅರ್ಧ ಗಂಟೆ. ಸಂಜೆ ಐದಕ್ಕೇ ಪೂರ್ತಿ ಕತ್ತಲಾಗಿ, ಚಳಿ ಸಾಕ್ಸಿನೊಳಗೆ ಇಳಿದಿತ್ತು. ಅಪ್ಪ ವಿಮಾನದ ಫ್ಯಾಕ್ಟರಿಗೆ ಬೆಳಗಿನ ಐದೂವರೆಗೇ ಹೋಗಿ, ಅಲ್ಲಿಂದ ನೇರ ಇಲ್ಲಿಗೆ ಬಂದಿದ್ದರು.

"ಮನೆಗೆ ಹೋಗೋಣ್ವಾ?" ಬೇಡ ಅನ್ನಲಿ ಎಂದು ಅವಳಿಗೆ ಆಸೆ.

"ಬ್ಯಾಟರಿ ಎಷ್ಟಿದೆ?"

"ಒಂದೇ ಕಡ್ಡಿ."

"ಒಂದು ಫೋಟೊಗೆ ಸಾಕು."

ಫೆರ್ರಿ ಬಂತು. ಕಾರುಗಳನ್ನು ಇಳಿಸಿತು, ಬೇರೆಯವನ್ನು ಹತ್ತಿಸಿಕೊಂಡಿತು. ಹೊರಟ ಕೂಡಲೇ ತೇಜು ಬಟನ್ ಒತ್ತಿದಳು. ನಾಲ್ಕು ನಿಮಿಷ. ಟಕ್. 'ಬ್ಯುಸಿ' ಮಿಣುಕತೊಡಗಿತು. ಅವಳು ಎರಡೂ ಕೈಗಳನ್ನು ಜೇಬಿಗೆ ತುರುಕಿಕೊಂಡು ಕಾದಳು. ಕಡ್ಡಿ ಆರಿಹೋಗದಿದ್ದರೆ ಸಾಕಿತ್ತು.

ಮಿಣುಕು ನಿಂತಿತು. ಕಪ್ಪು ನೀರಿನ ಮೇಲೆ ಉದ್ದಕ್ಕೂ ಒಂದೇ ಹಳದಿ ಗೆರೆ. ಒಂದೂ ಚುಕ್ಕೆಯಿಲ್ಲ.

ಕೂಗಬೇಕೆಂದು ತಿರುಗಿದಳು. ಅಪ್ಪ ಬೆಂಚಿಗೆ ಒರಗಿ ಕಣ್ಣು ಮುಚ್ಚಿದ್ದರು. ಬಾಯಿ ಸ್ವಲ್ಪ ತೆರೆದಿತ್ತು. ಫ್ಯಾಕ್ಟರಿಯ ಬ್ಯಾಡ್ಜ್ ಇನ್ನೂ ಕೊರಳಲ್ಲೇ ಇತ್ತು.

ತೇಜು ಕೂಗಲಿಲ್ಲ. ಬೆಳಗಿನ ಐದೂವರೆಯಿಂದ ಬೆರಳು ಮಡಚುತ್ತಾ ಎಣಿಸಿದಳು. ಹನ್ನೆರಡು ಗಂಟೆ.

ಸ್ಕ್ರೀನಿನ ಬೆಳಕು ಅವರ ಮುಖಕ್ಕೆ ಬೀಳದ ಹಾಗೆ ಅಂಗೈ ಅಡ್ಡ ಹಿಡಿದು, ಮೆಲ್ಲಗೆ ಬೆಂಚಿನ ತುದಿಯಲ್ಲಿ ಕೂತಳು.