ದನಿಗೆ ಸೋತ ಡಾಕ್ಟರು

"ನಿಮ್ಮ ಗಂಡ ಉಳಿಯಲ್ಲ. ಇಲ್ಲಿ ಸಹಿ ಹಾಕಿ."

ಕಡ್ಡಿ ಮುರಿದಂತೆ ಹೇಳಿದ ಆ ವೈದ್ಯ ವಿದ್ಯಾರ್ಥಿ. ಕಣ್ಣಿಗೆ ದಪ್ಪನೆಯ ವಿಆರ್ ಕನ್ನಡಕ. ಅದರೊಳಗೆ ಅವನಿಗೆ ಒಂದು ವಾರ್ಡಿನಲ್ಲಿ ಮಂಚದ ಪಕ್ಕ ನಿಂತ ಒಬ್ಬ ಹೆಂಗಸು ಕಾಣುತ್ತಿದ್ದಳು. ಆ ಹೆಂಗಸು ಕಂಪ್ಯೂಟರ್ ಮೂಡಿಸಿದ ಬರೀ ಬೊಂಬೆ. ಅವಳಿಗೆ ದನಿ ಕೊಡುತ್ತಿದ್ದವಳು ಗಾಜಿನ ಗೋಡೆಯಾಚೆ ಮೈಕಿನ ಮುಂದೆ ಕೂತಿದ್ದ ನಾಟಕದ ನಟಿ. ರೋಗಿಗಳ ಮನೆಯವರೊಂದಿಗೆ ಹೇಗೆ ಮಾತಾಡಬೇಕೆಂದು ವೈದ್ಯ ವಿದ್ಯಾರ್ಥಿಗಳಿಗೆ ಕಲಿಸಲು ಕಾಲೇಜು ಅವಳನ್ನು ನೇಮಿಸಿಕೊಂಡಿತ್ತು.

"ಡಾಕ್ಟ್ರೇ, ನಿಮ್ಮ ಅಮ್ಮನಿಗಾದ್ರೂ ಹೀಗೇ ಹೇಳ್ತಿದ್ರಾ?" ಎಂದು ಕೇಳಿದಳು.

ಅವನು ಕನ್ನಡಕ ಕಿತ್ತಿಟ್ಟು ಹೊರಟೇಹೋದ. ಸೊಕ್ಕಿನ ಮನುಷ್ಯ ಎಂದುಕೊಂಡು ಅವಳು ಹತ್ತಕ್ಕೆ ಎರಡು ಅಂಕ ಬರೆದಳು.

ಮರುದಿನ ಅವನೇ ಬಂದ. ಓದಿನಲ್ಲಿ ಮೊದಲಿಗನಾದರೂ ಇದೊಂದು ತನಗೆ ಬರುವುದಿಲ್ಲ, ಹೇಳಿಕೊಡಬೇಕು ಎಂದು ತಲೆ ತಗ್ಗಿಸಿ ಕೇಳಿದ.

ಅಂದಿನಿಂದ ವಾರಕ್ಕೆ ಮೂರು ಮಧ್ಯಾಹ್ನ. ಅವಳು ಒಂದು ದಿನ ಮಗು ಕಳೆದುಕೊಂಡ ತಾಯಿ, ಇನ್ನೊಂದು ದಿನ ಡಾಕ್ಟರರನ್ನೇ ನಂಬದ ಮುಂಗೋಪಿ ಅಜ್ಜಿ. ಅವನು ಬೈಸಿಕೊಂಡ, ತಬ್ಬಿಬ್ಬಾದ, ಒಮ್ಮೆ ಕನ್ನಡಕದೊಳಗೆ ಮಾತ್ರ ಇದ್ದ ಕುರ್ಚಿಯ ಮೇಲೆ ಕೂರಲು ಹೋಗಿ ನೆಲಕ್ಕೆ ಬಿದ್ದ. ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ನಿಧಾನಕ್ಕೆ ಅವನು ಮಾತಾಡಲು ಕಲಿತ. ಅದಕ್ಕಿಂತ ಹೆಚ್ಚಾಗಿ, ಸುಮ್ಮನಿರಲು ಕಲಿತ.

ಅವನು ಬರುವ ದಿನ ಇವಳು ಗಳಿಗೆಗೊಮ್ಮೆ ಗಡಿಯಾರ ನೋಡತೊಡಗಿದಳು...

ಕೊನೆಯ ಪರೀಕ್ಷೆಯಲ್ಲೂ ಅಂಕ ಕೊಡಬೇಕಾದವಳು ಅವಳೇ. ಅದಕ್ಕೆ ವಾರವಿರುವಾಗ ಸುದ್ದಿ ಬಂತು. ತನಗೆ ಅಂಕ ಕೊಡುವವರು ಆಕೆಯಾಗಬಾರದೆಂದು ಅವನು ವಿಭಾಗದ ಮುಖ್ಯಸ್ಥರಿಗೆ ಪತ್ರ ಕೊಟ್ಟಿದ್ದನಂತೆ.

ಹತ್ತಿದ ಏಣಿ ಒದೆಯುವವರ ಸಾಲಿಗೆ ಇವನೂ ಸೇರಿದನಲ್ಲ! ಕಾರಣ ಕೇಳಲು ಅವಳ ಸ್ವಾಭಿಮಾನ ಬಿಡಲಿಲ್ಲ. ಅವನು ಪಾಸಾಗಿ ಎರಡು ಸಲ ಫೋನ್ ಮಾಡಿದಾಗಲೂ ಎತ್ತಲಿಲ್ಲ.

ಐದು ತಿಂಗಳಾದ ಮೇಲೆ, ಲಾರಿ ಓಡಿಸುತ್ತಿದ್ದ ಅವಳ ಅಪ್ಪನ ಕಾಲಿನ ಹುಣ್ಣು ಕೊಳೆತು, ಆ ಕಾಲೇಜಿನ ಆಸ್ಪತ್ರೆಗೇ ಸೇರಿಸಬೇಕಾಯಿತು. ಬೆಳಿಗ್ಗೆ ಔಷಧಿ ಹಿಡಿದು ವಾರ್ಡಿಗೆ ಬಂದವಳಿಗೆ ಪರದೆಯಾಚೆ ಗುರುತಿನ ದನಿ ಕೇಳಿಸಿತು. ಪಾಸಾಗಿ ಅಲ್ಲೇ ಡಾಕ್ಟರಾಗಿದ್ದ ಅವನನ್ನೇ ದೊಡ್ಡ ಸರ್ಜನ್ನರು ಈಗ ಕಹಿ ಸುದ್ದಿ ಹೇಳಲು ಮುಂದೆ ಬಿಡುತ್ತಿದ್ದರು. ಅಪ್ಪನಿಗೆ ಯಾವ ಕಿವಿ ಚೆನ್ನಾಗಿ ಕೇಳುತ್ತದೆಂದು ವಿಚಾರಿಸಿ, ಅವನು ಆ ಬದಿಗೇ ಸ್ಟೂಲು ಎಳೆದುಕೊಂಡ.

"ಯಜಮಾನ್ರೇ, ಕಷ್ಟದ ಮಾತೊಂದು ಹೇಳ್ಬೇಕು. ಕಾಲು ಉಳಿಸೋಕೆ ಆಗ್ತಿಲ್ಲ. ತೆಗೆದ್ರೆ ಜೀವ ಉಳಿಸ್ಬಹುದು."

ಅಪ್ಪ ಗೋಡೆ ನೋಡಿದರು. ಅವನು ಆತುರಪಡಲಿಲ್ಲ, ಅವರ ಕೈ ಹಿಡಿದು ಕಾದ. ಎಷ್ಟೋ ಹೊತ್ತಿನ ಮೇಲೆ, ಯಾರ ಮುಂದೆಯೂ ಅಳದ ಅಪ್ಪ, ಇನ್ನು ಸ್ಟೇರಿಂಗ್ ಹಿಡಿಯಲಾರೆನಲ್ಲ ಎಂದು ಅತ್ತರು. ಅವನು ಪೂರ್ತಿ ಅಳಲು ಬಿಟ್ಟ. ಆಮೇಲೆ ಅಪ್ಪ ತಾವೇ ಸಹಿಗೆ ಪೆನ್ನು ಕೇಳಿದರು.

ಪರದೆಯ ಸಂದಿಯಿಂದ ನೋಡುತ್ತಿದ್ದವಳ ಕಣ್ಣು ತುಂಬಿತು. ದುಃಖದ ಬೆನ್ನಿಗೇ ಎದೆಯುಬ್ಬುವ ಹೆಮ್ಮೆ... ಇವನಿಗೆ ಕಲಿಸಿದವಳು ನಾನು. ಅಲ್ಲ, ಕಲಿಸಿದ್ದನ್ನೂ ಮೀರಿ ಬೆಳೆದಿದ್ದಾನೆ ಇವನು.

ಆಪರೇಷನ್ ಮುಗಿದು, ಅಪ್ಪ ಊರುಗೋಲು ಹಿಡಿದು ದಾರಿ ಬಿಡಿ ಎಂದು ನರ್ಸುಗಳನ್ನೇ ಗದರಿಸುವಷ್ಟಾದ ದಿನ, ಅವಳು ಅವನನ್ನು ಮೆಟ್ಟಿಲ ಬಳಿ ತಡೆದಳು.

"ಆ ಪತ್ರ ಯಾಕೆ ಕೊಟ್ರಿ?"

"ನಾನು ಪ್ರೀತಿಸ್ತಿರೋವ್ರ ಕೈಯಿಂದ ಅಂಕ ತಗೊಂಡ್ರೆ ಮೋಸ ಅಲ್ವಾ? ಪರೀಕ್ಷೆ ಮುಗಿದ ಮೇಲೆ ಹೇಳೋಣ ಅಂತ ಫೋನ್ ಮಾಡ್ದೆ... ನೀವು ಎತ್ತಲಿಲ್ಲ."

ಐದು ತಿಂಗಳು! ತನ್ನ ಹಟಕ್ಕೆ ಅವಳಿಗೇ ನಾಚಿಕೆಯಾಯಿತು. ಅಂದು ಪರದೆಯಾಚೆ ತಾನಿದ್ದೆ, ಅಷ್ಟು ಹೆಮ್ಮೆ ಬದುಕಿನಲ್ಲೇ ಪಟ್ಟಿರಲಿಲ್ಲ ಎಂದು ಹೇಳಿದಳು. ತಾನೂ ಅವನನ್ನು ಪ್ರೀತಿಸುತ್ತಿದ್ದೇನೆ ಎಂದೂ ಹೇಳಿಬಿಟ್ಟಳು.

ಅವನ ಮುಖ ಅರಳಿತು. "ಅಪ್ಪನಿಗೆ ನಾನು ಹೇಳ್ಲಾ?"

"ಬೇಡ, ಇದನ್ನ ನಾನೇ ಹೇಳ್ತೀನಿ. ನೀನು ಪಕ್ಕದಲ್ಲಿರು, ಸಾಕು."